ಗುಂಗುರು ಕೂದಲು ಮತ್ತು ಸಿಲಿಕೋನ್: ಬಾಟಲಿ ಎಸೆಯೋಕೆ ಮುಂಚೆ ಇದೊಂದು ಓದಿ

ಗುಂಗುರು ಕೂದಲಿರೋರು ಯಾರಾದ್ರೂ ಸ್ಟ್ರೇಟ್ನಿಂಗ್ ಎಲ್ಲಾ ಬಿಟ್ಟು ಇದ್ದ ಹಾಗೇ ಚೆನ್ನಾಗಿ ನೋಡ್ಕೊಳ್ಳೋಣ ಅಂತ ಮನಸ್ಸು ಮಾಡಿದ ತಕ್ಷಣ ಕಿವಿಗೆ ಬೀಳೋ ಮೊದಲ ಮಾತು "ಸಿಲಿಕೋನ್ ಇರೋದೆಲ್ಲಾ ಎತ್ತಿ ಬಿಸಾಕು" ಅನ್ನೋದು. ಸಿಲಿಕೋನ್ ಅಂದ್ರೆ ಕೂದಲು ನುಣುಪಾಗಿ ಜಾರ್ಲಿ, ಹೊಳೀಲಿ ಅಂತ ಶಾಂಪೂ, ಕಂಡಿಷನರ್, ಸೀರಮ್ಮಿಗೆ ಹಾಕೋ ವಸ್ತು. ರೀಲ್ಸಲ್ಲೂ ಅದೇ, ಪಾರ್ಲರಲ್ಲೂ ಅದೇ, ಆಫೀಸಲ್ಲಿ ಪಕ್ಕದ ಸೀಟಿನವಳೂ ಅದನ್ನೇ ಹೇಳ್ತಾಳೆ. ಯಾಕೆ ಅಂತ ಕೇಳಿದ್ರೆ ಕಾರಣಾನೂ ರೆಡಿ ಇರತ್ತೆ, ಕೂದಲಿಗೆ ಉಸಿರು ಕಟ್ಟತ್ತಂತೆ, ಒಳಗೆ ನೀರೇ ಹೋಗಲ್ವಂತೆ, ಕೊನೆಗೆ ಬುಡದಿಂದಲೇ ಉದುರಿ ಹೋಗತ್ತಂತೆ. ಇದರಲ್ಲಿ ನಿಜ ಸ್ವಲ್ಪ ಇದೆ, ಹೆದರಿಕೆ ಜಾಸ್ತಿ ಇದೆ, ಆ ಹೆದರಿಕೇಲಿ ಚೆನ್ನಾಗಿ ಹೊಂದಿಕೊಂಡಿದ್ದ ಕಂಡಿಷನರ್ ಬಿಟ್ಟು ಕೂದಲು ಇನ್ನೂ ಹಾಳು ಮಾಡ್ಕೊಂಡೋರನ್ನ ನಾನು ತುಂಬಾ ನೋಡಿದೀನಿ.

ನಮ್ಮದು ಸಾಗರದ ಕಡೆ, ಅಮ್ಮಂದು, ಅಕ್ಕಂದು, ನಂದು, ಅಕ್ಕನ ಮಗಳದ್ದು ಎಲ್ಲಾ ದಟ್ಟ ಗುಂಗುರು ಕೂದಲೇ. ಈಗ ನಾನು ಬೆಂಗಳೂರಲ್ಲಿರೋದು, ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಎರಡರಲ್ಲೂ ತಲೆಸ್ನಾನ ಮಾಡಿ ಅಭ್ಯಾಸ. ಹಾಗಾಗಿ ಇದು ನನಗೆ ಬರೀ ಓದಿ ತಿಳ್ಕೊಂಡ ವಿಷಯ ಅಲ್ಲ. ಸಿಲಿಕೋನ್ ಬೇಕೋ ಬೇಡ್ವೋ ಅಂತ ತೀರ್ಮಾನ ಮಾಡೋ ಮುಂಚೆ ಯಾವ ಸಿಲಿಕೋನ್, ತೊಳೆದು ಹೋಗೋ ಕಂಡಿಷನರಲ್ಲಿ ಇದ್ಯಾ ಅಥವಾ ತಲೇಲೇ ಉಳಿಯೋ ಸೀರಮ್ಮಲ್ಲಿ ಇದ್ಯಾ, ಕೂದಲಿನ ಎಳೆ ತೆಳುವಾ ದಪ್ಪಾನಾ, ಯಾವುದರಿಂದ ತೊಳೀತೀರಾ, ನೀರು ಎಂಥದ್ದು, ಇಷ್ಟನ್ನೂ ನೋಡ್ಬೇಕು. ಇದಿಷ್ಟು ನೋಡ್ದೆ "ಎಲ್ಲಾ ಕೆಟ್ಟದ್ದು" ಅನ್ನೋದು ತಪ್ಪು ಅಂತ ನಾನು ಗಟ್ಟಿಯಾಗೇ ಹೇಳ್ತೀನಿ.

ಮೊದಲು ಕೂದಲಿನ ವಿಷಯ. ತಲೆಯಿಂದ ಹೊರಗೆ ಬಂದಿರೋ ಕೂದಲಿಗೆ ಜೀವ ಇಲ್ಲ, ಅದು ಉಸಿರಾಡಲ್ಲ, ಹಾಗಾಗಿ ಉಸಿರು ಕಟ್ಟೋ ಮಾತೇ ಇಲ್ಲ. ಜೀವ ಇರೋದು ಚರ್ಮದ ಒಳಗಿರೋ ಬುಡದಲ್ಲಿ, ಅದಕ್ಕೆ ಬೇಕಾದ್ದೆಲ್ಲಾ ರಕ್ತದಿಂದ ಸಿಗತ್ತೆ. ಹೊರಗಿನ ಎಳೆ ಮೇಲೆ ಕ್ಯುಟಿಕಲ್ ಅಂತ ಪದರ ಇರತ್ತೆ, ನಮ್ಮ ಕಡೆ ಹೆಂಚಿನ ಮನೇಲಿ ಒಂದರ ಮೇಲೊಂದು ಹೆಂಚು ಹೊದಿಸಿದ ಹಾಗೆ ಬುಡದಿಂದ ತುದಿ ಕಡೆಗೆ ಜೋಡಿಸಿರೋ ಸಣ್ಣ ಸಣ್ಣ ಬಿಲ್ಲೆಗಳು. ಅದರ ಮೇಲ್ಮೈಯಲ್ಲಿ 18-ಎಂಇಎ ಅನ್ನೋ ಕೊಬ್ಬಿನಾಮ್ಲದ ತೀರಾ ತೆಳು ಲೇಪ ಹುಟ್ಟಿನಿಂದಲೇ ಇರತ್ತೆ, ಹೊಸ ಕೂದಲು ನುಣುಪಾಗಿ ಜಾರೋದು, ನೀರನ್ನ ಅಷ್ಟಾಗಿ ಅಂಟಿಸ್ಕೊಳ್ಳದೇ ಇರೋದು ಅದರಿಂದಲೇ. ಬಿಸಿಲು, ಬಾಚಣಿಗೆ, ಬ್ಲೀಚು, ಕಲರು, ಸ್ಟ್ರೇಟ್ನಿಂಗ್ ಇವೆಲ್ಲಾ ಸೇರಿ ಆ ಲೇಪ ಹೋಗ್ತಾ ಹೋಗತ್ತೆ. ಒಮ್ಮೆ ಹೋದ್ರೆ ಮತ್ತೆ ಹುಟ್ಟಲ್ಲ. ಕೂದಲು ತಿಂಗಳಿಗೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ಬೆಳೆಯತ್ತೆ ಅಂದ್ಕೊಂಡ್ರೆ, ಭುಜ ದಾಟಿರೋ ಕೂದಲಿನ ತುದಿಗೆ ಆಗಲೇ ಎರಡು ಮೂರು ವರ್ಷ ವಯಸ್ಸು, ಅಷ್ಟು ವರ್ಷದ ಬಿಸಿಲು ಮತ್ತು ಸಿಕ್ಕು ಎಲ್ಲಾ ಅದರ ಮೇಲೇ ಬಿದ್ದಿರತ್ತೆ.

ಗುಂಗುರು ಕೂದಲಿಗೆ ಇದರ ಮೇಲೆ ಇನ್ನೊಂದಿಷ್ಟು ಕಷ್ಟ. ಎಳೆ ಕತ್ತರಿಸಿ ನೋಡಿದ್ರೆ ಪೂರ್ತಿ ದುಂಡಗಿರಲ್ಲ, ಚಪ್ಪಟೆ ಮೊಟ್ಟೆ ಆಕಾರ, ಪ್ರತಿ ತಿರುವಿನಲ್ಲೂ ಒಂದು ಬಲ ಇಲ್ಲದ ಜಾಗ. ತಲೆಚರ್ಮದ ಎಣ್ಣೆ ನೇರ ಕೂದಲಲ್ಲಾದ್ರೆ ಸಲೀಸಾಗಿ ಕೆಳಗೆ ಇಳಿದುಬಿಡತ್ತೆ, ಇಲ್ಲಿ ಸುತ್ತಿ ಸುತ್ತಿ ಇಳಿಯೋ ಅಷ್ಟ್ರಲ್ಲಿ ಮತ್ತೆ ತಲೆಸ್ನಾನದ ದಿನ ಬಂದಿರತ್ತೆ, ಬುಡ ಜಿಡ್ಡು ತುದಿ ಒಣ. ಜೊತೆಗೆ ಎಳೆಗೆ ಎಳೆ ಸಿಕ್ಕಿ ಹಾಕ್ಕೊಳ್ಳತ್ತೆ. ಗುಂಗುರು ಕೂದಲಿನವರು ಉದ್ದ ಬಿಡೋಕಾಗಲ್ಲ ಅಂತ ಕೊರಗೋದಕ್ಕೆ ಬಹುಪಾಲು ಕಾರಣ ಬೆಳವಣಿಗೆ ಕಮ್ಮಿ ಇರೋದಲ್ಲ, ಸಿಕ್ಕು ಬಿಡಿಸೋವಾಗ ಮಧ್ಯದಲ್ಲೇ ತುಂಡಾಗೋದು.

ಅಕ್ಕನ ಮಗಳು ರಜಕ್ಕೆ ಬಂದಾಗ ಅವಳ ತಲೆ ತೊಳೆಸೋ ಕೆಲಸ ನಂದೇ. ಕತ್ತಿನ ಹಿಂದೆ, ಕೂದಲಿನ ಕೆಳಪದರದಲ್ಲಿ, ಯೂನಿಫಾರಂ ಕಾಲರ್ ಉಜ್ಜೋ ಜಾಗದಲ್ಲಿ ಅಡಿಕೆ ಗಾತ್ರದ ಗಂಟುಗಳು. ಒಣ ಕೂದಲಿಗೆ ಬಾಚಣಿಗೆ ಹಾಕಿದ್ರೆ "ಚಿಕ್ಕಮ್ಮಾ ಬೇಡಾ" ಅಂತ ಶುರು. ಅದಕ್ಕೇ ಪೂರ್ತಿ ಒದ್ದೆ ಮಾಡಿ, ಕಂಡಿಷನರ್ ಧಾರಾಳವಾಗಿ ಹಚ್ಚಿ, ಮೊದಲು ಬೆರಳಲ್ಲೇ ಗಂಟಿನ ತುದಿಯಿಂದ ಒಂದೊಂದೇ ಎಳೆ ಬಿಡಿಸಿ, ಆಮೇಲೆ ದೊಡ್ಡ ಹಲ್ಲಿನ ಬಾಚಣಿಗೆ, ತುದಿಯಿಂದ ಮೇಲಕ್ಕೆ. ಅವಳ ಅಮ್ಮ ಯಾವುದೋ ವಿಡಿಯೋ ನೋಡಿ "ನ್ಯಾಚುರಲ್" ಕಂಡಿಷನರ್ ಒಂದು ಕೊಟ್ಟು ಕಳ್ಸಿದ್ಳು, ಸಿಲಿಕೋನ್ ಇಲ್ಲದ್ದು. ಅದನ್ನ ಹಚ್ಚಿದಾಗ ಬೆರಳು ಗಂಟಿನ ಹತ್ತಿರ ಬಂದು ನಿಂತುಬಿಡ್ತಿತ್ತು, ಎಳೆದ್ರೆ ಚಿಟ್ ಚಿಟ್ ಅಂತ ತುಂಡಾಗೋ ಸದ್ದು ಕಿವಿಗೇ ಕೇಳ್ಸೋದು, ಕೈಯಲ್ಲಿ ಅರ್ಧಂಬರ್ಧ ಉದ್ದದ ತುಂಡುಗಳು. ಬುಡದಿಂದ ಬಂದ ಕೂದಲಾಗಿದ್ರೆ ಒಂದು ತುದೀಲಿ ಬಿಳಿ ಚುಕ್ಕೆ ಥರ ಗಡ್ಡೆ ಇರತ್ತೆ, ಇವುಗಳಲ್ಲಿ ಅದಿರ್ಲಿಲ್ಲ, ಅಂದ್ರೆ ಉದುರಿದ್ದಲ್ಲ, ಮುರಿದದ್ದು. ನನ್ನ ಹತ್ರ ಇದ್ದ, ಅಮೋಡೈಮೆಥಿಕೋನ್ ಅನ್ನೋ ಸಿಲಿಕೋನ್ ಇರೋ ಮಾಮೂಲಿ ಕಂಡಿಷನರ್ ಹಚ್ಚಿದ ಮೇಲೆ ಅದೇ ಗಂಟು ಬೆರಳ ಕೆಳಗೆ ಜಾರಿ ಬಿಚ್ಕೊಳ್ತು. ಆ ಹುಡುಗಿ ಅಳಲಿಲ್ಲ. ನನಗೆ ಸಿಲಿಕೋನ್ ಬಗ್ಗೆ ಗೌರವ ಇರೋದು ಇಂಥಾ ಕಾರಣಕ್ಕೆ. ಗುಂಗುರು ಕೂದಲಿಗೆ ಅದು ಮಾಡೋ ಅತಿ ದೊಡ್ಡ ಉಪಕಾರ ಹೊಳಪಲ್ಲ, ಈ ಜಾರುವಿಕೆ.

ಸರಿ, ಸಿಲಿಕೋನ್ ಅಂದ್ರೆ ಏನು. ಸಿಲಿಕಾನ್ ಅನ್ನೋದು ಮರಳಲ್ಲಿ, ಬೆಣಚುಕಲ್ಲಲ್ಲಿ ಇರೋ ಮೂಲವಸ್ತು. ಆ ಸಿಲಿಕಾನ್ ಮತ್ತು ಆಮ್ಲಜನಕ ಒಂದಾದ ಮೇಲೊಂದು ಕೊಂಡಿ ಹಾಕ್ಕೊಂಡು ಆಗಿರೋ ಉದ್ದ ಸರಪಳಿಗೆ ಪಕ್ಕದಲ್ಲಿ ಮೀಥೈಲ್ ಗುಂಪುಗಳು ಸೇರ್ಕೊಂಡ್ರೆ ಡೈಮೆಥಿಕೋನ್. ಫ್ಯಾಕ್ಟರೀಲಿ ಮಾಡಿದ್ದೇ, ಅನುಮಾನ ಇಲ್ಲ. ಆದ್ರೆ ಫ್ಯಾಕ್ಟರೀದು ಅಂದ ಮಾತ್ರಕ್ಕೆ ವಿಷ ಅಂತ ಅಲ್ಲ. ಹೊಟ್ಟೆ ಉಬ್ಬರಕ್ಕೆ ಕುಡಿಯೋ ಆಂಟಾಸಿಡ್ ಸಿರಪ್ಪಿನ ಬಾಟಲಿ ತಿರುಗಿಸಿ ನೋಡಿ, ಸಿಮೆಥಿಕೋನ್ ಅಂತ ಇರತ್ತೆ, ಅದು ಡೈಮೆಥಿಕೋನಿಗೆ ಸ್ವಲ್ಪ ಸಿಲಿಕಾ ಸೇರಿಸಿದ್ದು, ದೇಹ ಅದನ್ನ ಹೀರಿಕೊಳ್ಳದೇ ಹಾಗೇ ಹೊರಗೆ ಕಳಿಸತ್ತೆ. ಮಕ್ಕಳ ತಲೆ ಹೇನಿಗೂ ಡೈಮೆಥಿಕೋನ್ ಲೋಶನ್ ಕೊಡ್ತಾರೆ. ಇನ್ನು "ನೀರೇ ಒಳಗೆ ಹೋಗಲ್ಲ" ಅನ್ನೋ ಮಾತು. ಕೂದಲ ಮೇಲೆ ಕೂರೋ ಪದರ ಕಣ್ಣಿಗೆ ಕಾಣದಷ್ಟು ತೆಳು, ಅದೂ ಎಲ್ಲಾ ಕಡೆ ಒಂದೇ ಸಮ ಇರಲ್ಲ, ಮತ್ತೆ ಸಿಲಿಕೋನ್ ಪದರದ ಮೂಲಕ ನೀರಿನ ಆವಿ ಆಚೆ ಈಚೆ ಹೋಗತ್ತೆ. ಮಳೆಗಾಲದಲ್ಲಿ ಸಾಗರಕ್ಕೆ ಹೋದ್ರೆ ಎಷ್ಟೇ ಸೀರಮ್ ಹಚ್ಚಿದ್ರೂ ಸಾಯಂಕಾಲದ ಹೊತ್ತಿಗೆ ಕೂದಲು ಉಬ್ಬಿಕೊಂಡೇ ಉಬ್ಬಿಕೊಳ್ಳತ್ತಲ್ಲ, ಒಂದು ಹನಿನೂ ಒಳಗೆ ಬಿಡದ ಹೊದಿಕೆ ಆಗಿದ್ರೆ ಹಾಗಾಗ್ತಿತ್ತಾ?

ಈಗ ವಿಧಗಳಿಗೆ ಬರೋಣ, ಎಲ್ಲಾ ಗೊಂದಲ ಇರೋದು ಇಲ್ಲೇ. ಮಾಮೂಲಿ ಡೈಮೆಥಿಕೋನ್, ಅದರ ಜೊತೆ ಡೈಮೆಥಿಕೊನಾಲ್, ಇವು ನೀರಿಗೆ ಸೇರಲ್ಲ, ಕೂದಲ ಮೇಲೆ ಚೆನ್ನಾಗಿ ಹಿಡ್ಕೊಳ್ಳತ್ತೆ. ಇದರಲ್ಲೂ ನೀರಿನ ಥರ ತೆಳುವಾಗಿರೋದರಿಂದ ಹಿಡಿದು ಅಂಟಿನ ಥರ ಗಟ್ಟಿ ಇರೋದರ ತನಕ ಇದೆ, ಲೇಬಲ್ ಮೇಲೆ ಎಲ್ಲದಕ್ಕೂ ಒಂದೇ ಹೆಸರು, ಹಾಗಾಗಿ ಹೆಸರು ಓದಿದ ಮಾತ್ರಕ್ಕೆ ಎಷ್ಟು ಅಂಟತ್ತೆ ಅಂತ ಹೇಳೋಕಾಗಲ್ಲ. ಸೈಕ್ಲೋಪೆಂಟಾಸಿಲೋಕ್ಸೇನ್ ಅನ್ನೋದು ಬೇರೆ ಜಾತಿ, ಅದು ಹಾರಿ ಹೋಗತ್ತೆ. ಪುಟ್ಟ ಬಾಟಲಿ ಸೀರಮ್ಮುಗಳಲ್ಲಿ ಬಹುಪಾಲು ಇದೇ ಇರತ್ತೆ, ದಪ್ಪ ಡೈಮೆಥಿಕೊನಾಲನ್ನ ತಲೆ ತುಂಬಾ ಸಮನಾಗಿ ಹರಡಿಸಿ ತಾನು ಆವಿಯಾಗಿ ಹೋಗಿಬಿಡತ್ತೆ, ಅಂಗೈಯಲ್ಲಿ ಹಾಕ್ಕೊಂಡಾಗ ರೇಷ್ಮೆ ಥರ ಜಾರಿ ಎರಡು ನಿಮಿಷದಲ್ಲಿ ಕೈ ಒಣಗಿದ ಹಾಗೆ ಅನ್ಸೋದು ಇದಕ್ಕೇ. ಫೀನೈಲ್ ಟ್ರೈಮೆಥಿಕೋನ್ ಬರೀ ಹೊಳಪಿಗೆ. ಹೆಸರಿನ ಮುಂದೆ ಪೆಗ್ ಅಂತ ನಂಬರ್ ಸಮೇತ ಇದ್ರೆ, ಪೆಗ್-12 ಡೈಮೆಥಿಕೋನ್ ಥರ, ಅದು ನೀರಲ್ಲಿ ಕರಗೋ ಅಥವಾ ಸುಲಭವಾಗಿ ಬೆರೆಯೋ ಬಗೆ, ತೊಳೆದ್ರೆ ಹೋಗತ್ತೆ, ಅದಕ್ಕೆ ಯಾರೂ ತಲೆ ಕೆಡಿಸ್ಕೊಳ್ಳೋದು ಬೇಡ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಮೋಡೈಮೆಥಿಕೋನ್, ಅದು ಕೆಲಸ ಮಾಡೋ ರೀತಿಯೇ ಚೆಂದ. ಕೂದಲಿನ ಮೇಲ್ಮೈಗೆ ಮಾಮೂಲಿ ನೀರಲ್ಲಿ ಋಣ ವಿದ್ಯುತ್ ಇರತ್ತೆ, ಹಾಳಾದ ಜಾಗದಲ್ಲಿ, ಅಂದ್ರೆ ಆ ಕೊಬ್ಬಿನ ಲೇಪ ಹೋಗಿ ಕ್ಯುಟಿಕಲ್ ಎದ್ದಿರೋ ಕಡೆ, ಇನ್ನೂ ಜಾಸ್ತಿ. ಅಮೋಡೈಮೆಥಿಕೋನ್ ಸರಪಳೀಲಿ ಅಲ್ಲಲ್ಲಿ ಅಮೈನ್ ಗುಂಪುಗಳಿವೆ, ಕಂಡಿಷನರ್ ಸ್ವಲ್ಪ ಹುಳಿ ಗುಣದ್ದಾಗಿರೋದರಿಂದ ಅದರೊಳಗೆ ಆ ಅಮೈನುಗಳಿಗೆ ಧನ ವಿದ್ಯುತ್ ಬರತ್ತೆ. ಹಾಗಾಗಿ ಎಲ್ಲಿ ಜಾಸ್ತಿ ಹಾಳಾಗಿದ್ಯೋ ಅಲ್ಲಿಗೇ ಹೋಗಿ ಜಾಸ್ತಿ ಕೂರತ್ತೆ, ಚೆನ್ನಾಗಿರೋ ಬುಡದ ಕಡೆ ಕಮ್ಮಿ. ಒಂದು ಪದರ ಕೂತ ಮೇಲೆ ಇನ್ನೊಂದು ಬರೋಕೆ ಹೋದ್ರೆ ಧನಕ್ಕೆ ಧನ ಸೇರಲ್ವಲ್ಲ, ದೂರ ತಳ್ಳತ್ತೆ, ಆದ್ರಿಂದ ಬೇಕಾಬಿಟ್ಟಿ ಪೇರಿಸ್ಕೊಳ್ಳೋದೂ ಕಮ್ಮಿ. ಕಲರ್ ಮಾಡಿಸಿದ, ಹಳೇ ಸ್ಟ್ರೇಟ್ನಿಂಗ್ ಇನ್ನೂ ತುದೀಲಿ ಉಳ್ಕೊಂಡಿರೋ ಗುಂಗುರು ಕೂದಲಿಗೆ ಇದಕ್ಕಿಂತ ಅನುಕೂಲದ್ದು ಅಂಗಡೀಲಿ ಸಿಗೋದು ಕಷ್ಟ. ಇದನ್ನೂ ಡೈಮೆಥಿಕೋನ್ ಜೊತೆ ಸೇರಿಸಿ "ಎಲ್ಲಾ ಸಿಲಿಕೋನೂ ಒಂದೇ" ಅಂತ ಬೈಯೋದು ನೋಡಿದ್ರೆ ಬೇಜಾರಾಗತ್ತೆ.

ಹಾಗಾದ್ರೆ ಬಿಲ್ಡಪ್, ಅಂದ್ರೆ ಸಿಲಿಕೋನ್ ಪದರದ ಮೇಲೆ ಪದರ ಪೇರಿಸ್ಕೊಳ್ಳತ್ತೆ ಅನ್ನೋದು ಸುಳ್ಳಾ? ಖಂಡಿತ ಸುಳ್ಳಲ್ಲ. ತಲೆಸ್ನಾನ ಆದ ದಿನವೇ ಕೂದಲು ಎಣ್ಣೆ ಹಚ್ಚಿದ ಹಾಗೆ ಭಾರ, ಸುರುಳಿಗಳು ಬುಡದಲ್ಲಿ ನೇರ ಆಗಿ ಕೆಳಗೆ ಜೋತು ಬಿದ್ದಿರತ್ತೆ, ಮುಟ್ಟಿದ್ರೆ ಮೇಣದ ಥರ, ಜೆಲ್ ಹಚ್ಚಿದ್ರೆ ಬಿಳಿ ಬಿಳಿ ಉಂಡೆ ಆಗತ್ತೆ, ಇದೆಲ್ಲಾ ಆಗೋದುಂಟು. ಯಾರಿಗೆ ಆಗತ್ತೆ ಅಂದ್ರೆ, ಒಂದು, ಎಳೆ ತೆಳು ಇರೋರಿಗೆ. ದಟ್ಟವಾಗಿದೆ ಅಂದ್ರೆ ದಪ್ಪ ಎಳೆ ಅಂತ ಅರ್ಥ ಅಲ್ಲ, ತೆಳು ಎಳೆಗಳೇ ತುಂಬಾ ಇರಬಹುದು, ಒಂದೇ ಒಂದು ಕೂದಲನ್ನ ಎರಡು ಬೆರಳ ಮಧ್ಯೆ ಉಜ್ಜಿ ನೋಡಿ, ಇದೆಯೋ ಇಲ್ವೋ ಅನ್ನೋ ಹಾಗಿದ್ರೆ ತೆಳು, ದಾರದ ಥರ ಗೊತ್ತಾದ್ರೆ ದಪ್ಪ. ತೆಳು ಎಳೆಯ ಅಲೆ ಅಲೆ ಕೂದಲಿಗೆ ದಪ್ಪ ಡೈಮೆಥಿಕೋನ್ ಭಾರ ಜಾಸ್ತಿ ಆಗಿ ಅಲೆಯೇ ಮಲಗಿಬಿಡತ್ತೆ. ಇನ್ನೊಂದು, ದಿನಾ ಬೆಳಿಗ್ಗೆ ಸೀರಮ್ ಮೇಲೆ ಸೀರಮ್ ಹಚ್ಚಿ ಶಾಂಪೂ ಮುಟ್ಟದೇ ಬರೀ ಕಂಡಿಷನರಲ್ಲಿ ತಲೆ ತೊಳೆಯೋರಿಗೆ. ಕೋ-ವಾಶ್ ಅಂತಾರಲ್ಲ, ಅದು.

"ಸಿಲಿಕೋನ್ ಬೇಡ" ಅನ್ನೋ ನಿಯಮ ಹುಟ್ಟಿದ್ದೂ ಇಲ್ಲೇ. ನ್ಯೂಯಾರ್ಕಿನ ಹೇರ್ ಡ್ರೆಸ್ಸರ್ ಲೊರೇನ್ ಮ್ಯಾಸಿ ಈ ಶತಮಾನದ ಶುರುವಿನಲ್ಲಿ ಕರ್ಲಿ ಗರ್ಲ್ ಮೆಥಡ್ ಅಂತ ಜನಪ್ರಿಯ ಮಾಡಿದ್ರು. ಅದರ ಲೆಕ್ಕ ಹೀಗೆ: ಸಲ್ಫೇಟ್ ಶಾಂಪೂ, ಅಂದ್ರೆ ಜೋರಾಗಿ ನೊರೆ ಬಂದು ಜಿಡ್ಡು ತೆಗೆಯೋ ಶಾಂಪೂ, ಗುಂಗುರು ಕೂದಲನ್ನ ಒಣಗಿಸತ್ತೆ, ಅದನ್ನ ಬಿಡಬೇಕು, ಅದನ್ನ ಬಿಟ್ರೆ ಸಿಲಿಕೋನ್ ತೊಳೆಯೋಕೆ ಏನೂ ಇರಲ್ಲ, ಆದ್ರಿಂದ ಸಿಲಿಕೋನೂ ಬಿಡಬೇಕು. ಒಂದಕ್ಕೊಂದು ಹೊಂದಿಕೊಂಡಿರೋ ಮಾತು. ಎರಡನ್ನೂ ಒಟ್ಟಿಗೆ ಮಾಡೋರಿಗೆ ಅದು ಸರಿನೇ, ನನಗೆ ಆ ಪದ್ಧತಿ ಮೇಲೆ ಸಿಟ್ಟಿಲ್ಲ, ಗುಂಗುರು ಕೂದಲು ಅಂದ್ರೆ ಸರಿ ಮಾಡಬೇಕಾದ ತೊಂದರೆ ಅಂತ ಅಂದ್ಕೊಂಡಿದ್ದ ಎಷ್ಟೋ ಹೆಣ್ಮಕ್ಕಳಿಗೆ ಅದು ಧೈರ್ಯ ಕೊಟ್ಟಿದೆ. ಆದ್ರೆ ಇಲ್ಲಿಗೆ ಬರೋ ಹೊತ್ತಿಗೆ ಆ ಲೆಕ್ಕದ ಮೊದಲರ್ಧ ಬಿಟ್ಟುಹೋಗಿ "ಸಿಲಿಕೋನ್ ಕೆಟ್ಟದ್ದು" ಅಂತ ಕೊನೇದು ಮಾತ್ರ ಉಳ್ಕೊಂಡಿದೆ. ವಾರಕ್ಕೆರಡು ಸಲ ಮಾಮೂಲಿ ಶಾಂಪೂಲಿ ತೊಳೆಯೋರಿಗೆ ಆ ನಿಯಮದ ಅವಶ್ಯಕತೆನೇ ಇಲ್ಲ.

ಮತ್ತೆ ಸಿಲಿಕೋನ್ ಹೋಗಬೇಕು ಅಂದ್ರೆ ಸಲ್ಫೇಟೇ ಬೇಕು ಅನ್ನೋದೂ ಪೂರ್ತಿ ನಿಜ ಅಲ್ಲ. ಸೋಡಿಯಂ ಲಾರೆತ್ ಸಲ್ಫೇಟ್ ಚೆನ್ನಾಗೇ ತೆಗೆಯತ್ತೆ, ಒಪ್ಪೋಣ. ಸಲ್ಫೇಟ್ ಇಲ್ಲದ ಶಾಂಪೂಗಳಲ್ಲಿ ಇರೋ ಕೊಕಮಿಡೋಪ್ರೊಪೈಲ್ ಬೀಟೇನ್, ಹೆಸರಲ್ಲೇ ಇರೋ ಹಾಗೆ ತೆಂಗಿನೆಣ್ಣೆ ಮೂಲದ್ದು, ಅದೂ ಮಾಮೂಲಿ ಪದರವನ್ನ ಒಂದೆರಡು ತೊಳೆತದಲ್ಲಿ ಸಾಕಷ್ಟು ಇಳಿಸತ್ತೆ. ಸೋಡಿಯಂ ಸಿ14-16 ಓಲೆಫಿನ್ ಸಲ್ಫೋನೇಟ್ ಅಂತ ಒಂದಿದೆ, "ಸಲ್ಫೇಟ್ ಫ್ರೀ" ಅಂತ ಮುಂದೆ ಬರೆದಿರೋ ಎಷ್ಟೋ ಬಾಟಲಿಗಳ ಹಿಂದೆ ಇದೇ ಇರೋದು, ಅದು ಸಲ್ಫೇಟಿನಷ್ಟೇ ಗಟ್ಟಿಗ. ಸೀಗೆಕಾಯಿ, ಅಂಟುವಾಳ ಎರಡರಲ್ಲೂ ನೊರೆ ಕೊಡೋ ಸಪೋನಿನ್ ಇದೆ, ಎಣ್ಣೆ ಸ್ನಾನಕ್ಕೆ ಇವತ್ತಿಗೂ ನನಗೆ ಸೀಗೆಪುಡಿನೇ ಬೇಕು, ಆದ್ರೆ ವಾರಗಟ್ಟಲೆ ಪೇರಿಸ್ಕೊಂಡ ಸೀರಮ್ಮಿಗೆ ಅದನ್ನೇ ನಂಬ್ಕೊಂಡು ಕೂರಬೇಡಿ, ತಲೆ ತುಂಬಾ ಪುಡಿ ಉಳಿಯೋದು ಬಿಟ್ರೆ ಪ್ರಯೋಜನ ಕಮ್ಮಿ.

ಇಲ್ಲೇ ಇನ್ನೊಂದು ಮಾತು, ತುಂಬಾ ಜನ ಗಮನಿಸಲ್ಲ. ಶಾಂಪೂನೇ ಸಿಲಿಕೋನ್ ಹಚ್ಚತ್ತೆ. 1987ರಲ್ಲಿ ಅಮೆರಿಕದಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನವರು ಪರ್ಟ್ ಪ್ಲಸ್ ಅಂತ ಶಾಂಪೂ-ಕಂಡಿಷನರ್ ಎರಡೂ ಒಂದೇ ಬಾಟಲೀಲಿ ತಂದ ಮೇಲೆ ಆ ತಂತ್ರ ಎಲ್ಲಾ ಕಡೆ ಹರಡ್ತು. ಶಾಂಪೂ ಒಳಗೆ ಸಿಲಿಕೋನಿನ ಸೂಕ್ಷ್ಮ ಹನಿಗಳು ತೇಲ್ತಿರತ್ತೆ, ಜೊತೆಗೆ ಧನ ವಿದ್ಯುತ್ ಇರೋ ಒಂದು ಪಾಲಿಮರ್. ನೊರೆ ಬರೋ ತನಕ ಎಲ್ಲಾ ಒಟ್ಟಿಗಿರತ್ತೆ, ಚೊಂಬಿನಿಂದ ನೀರು ಹುಯ್ಕೊಂಡಾಗ ತೆಳುವಾಗಿ ಆ ಪಾಲಿಮರ್ ಬೇರೆಯಾಗಿ ಸಿಲಿಕೋನ್ ಹನಿಗಳನ್ನ ಜೊತೇಲಿ ಎಳ್ಕೊಂಡು ಕೂದಲ ಮೇಲೆ ಕೂರತ್ತೆ. ಆ ಪಾಲಿಮರ್ ಎಷ್ಟೋ ಸಲ ಗ್ವಾರ್ ಹೈಡ್ರಾಕ್ಸಿಪ್ರೊಪೈಲ್‌ಟ್ರೈಮೋನಿಯಂ ಕ್ಲೋರೈಡ್, ಹೆಸರು ಕೇಳಿ ಗಾಬರಿ ಆಗ್ಬೇಡಿ, ಅದು ನಾವು ಪಲ್ಯ ಮಾಡೋ ಗೋರಿಕಾಯಿಯ ಬೀಜದ ಗೋಂದಿನಿಂದ ಮಾಡಿದ್ದು. ಹಾಗಾಗಿ ಬಿಲ್ಡಪ್ ತೆಗೀತೀನಿ ಅಂತ ಅಂಗಡಿಗೆ ಹೋಗಿ ಡೈಮೆಥಿಕೊನಾಲ್ ಇರೋ ಶಾಂಪೂನೇ ತಂದು ಎರಡೆರಡು ಸಲ ಉಜ್ಜಿದ್ರೆ ತೆಗೆಯೋದೂ ಹಚ್ಚೋದೂ ಒಟ್ಟಿಗೇ ನಡೀತಿರತ್ತೆ. ತಿಂಗಳಿಗೊಂದು ಎರಡು ಸಲ ಸಿಲಿಕೋನ್ ಇಲ್ಲದ, ಪಾರದರ್ಶಕವಾಗಿರೋ, ಸಾದಾ ಶಾಂಪೂ ಬಳಸಿ, ಸಾಕು. ಮುತ್ತಿನ ಥರ ಮಿನುಗೋ ದಪ್ಪ ಬಿಳಿ ಶಾಂಪೂ ಆದ್ರೆ ಲೇಬಲ್ ನೋಡಿ ತಗೊಳ್ಳಿ.

ಈಗ ನೀರು. ನನ್ನ ಅಭಿಪ್ರಾಯದಲ್ಲಿ ಬೆಂಗಳೂರಲ್ಲಿ ಸಿಲಿಕೋನ್ ಮೇಲೆ ಬರೋ ದೂರುಗಳಲ್ಲಿ ಬಹಳಷ್ಟು ಸೇರಬೇಕಾದ್ದು ಬೋರ್‌ವೆಲ್ ನೀರಿನ ಮೇಲೆ. ಕಾವೇರಿ ನೀರು ಬರೋ ಏರಿಯಾದಲ್ಲಿ ಇರೋರಿಗೆ ಅಷ್ಟಾಗಿ ಗೊತ್ತಾಗಲ್ಲ. ಹೊರವಲಯದ ಅಪಾರ್ಟ್‌ಮೆಂಟುಗಳಲ್ಲಿ, ಟ್ಯಾಂಕರ್ ನೀರಲ್ಲಿ ಬದುಕೋರಿಗೆ ಗೊತ್ತು, ನಲ್ಲಿ ಬಾಯಲ್ಲಿ ಸುಣ್ಣದ ಥರ ಬಿಳಿ ಕಟ್ಟಿರತ್ತೆ, ಗೀಸರ್ ಕಾಯಿಲ್ ವರ್ಷ ತುಂಬೋ ಮುಂಚೆ ಹೋಗತ್ತೆ, ಬಕೆಟ್ ಒಳಗೆ ಎಷ್ಟು ಉಜ್ಜಿದ್ರೂ ಹೋಗದ ಕಲೆ. ಕುಡಿಯೋ ನೀರಿಗೆ ನಮ್ಮ ದೇಶದ ಮಾನದಂಡದಲ್ಲಿ ಗಡಸುತನ, ಅಂದ್ರೆ ನೀರಲ್ಲಿ ಕರಗಿರೋ ಕ್ಯಾಲ್ಶಿಯಂ, ಮೆಗ್ನೀಶಿಯಂ ಅಂಶ, ಲೀಟರಿಗೆ 200 ಮಿಲಿಗ್ರಾಂ ತನಕ ಒಳ್ಳೇದು, ಬೇರೆ ನೀರು ಇಲ್ಲದಿದ್ರೆ 600ರ ತನಕ ಒಪ್ಕೋಬಹುದು ಅಂತಿದೆ. ಕುಡಿಯೋಕೆ ಒಪ್ಪೋ ಆ ಮೇಲಿನ ಮಿತಿ ಕೂದಲಿಗೆ ತುಂಬಾನೇ ಜಾಸ್ತಿ. ಆ ಕ್ಯಾಲ್ಶಿಯಂ, ಮೆಗ್ನೀಶಿಯಂ ಎರಡಕ್ಕೂ ಧನ ವಿದ್ಯುತ್ ಇರೋದು, ಋಣ ಇರೋ ಕೂದಲಿಗೆ, ಅದರಲ್ಲೂ ಹಾಳಾದ ತುದಿಗೆ ಹೋಗಿ ಹಿಡ್ಕೊಳ್ಳತ್ತೆ. ಕೂದಲು ಒರಟು, ಮಂಕು, ಮೇಣ ಹಚ್ಚಿದ ಹಾಗೆ, ಸುರುಳಿ ನಿಲ್ಲಲ್ಲ. ನೋಡಿ, ಎಲ್ಲಾ ಲಕ್ಷಣ ಸಿಲಿಕೋನ್ ಬಿಲ್ಡಪ್ಪಿನದ್ದೇ! ಶಿವಮೊಗ್ಗ, ಉಡುಪಿ ಕಡೆಯಿಂದ ಕೆಲಸಕ್ಕೆ ಅಂತ ಇಲ್ಲಿಗೆ ಬಂದ ಹುಡುಗೀರು ಮೂರು ನಾಲ್ಕು ತಿಂಗಳಲ್ಲಿ ಕೂದಲು ಹಾಳಾಯ್ತು ಅಂತ ಅಳ್ತಾ ಬರ್ತಾರೆ, ಊರಲ್ಲಿ ಬಳಸ್ತಿದ್ದ ಅದೇ ಶಾಂಪೂ, ಅದೇ ಕಂಡಿಷನರ್, ಬದಲಾಗಿದ್ದು ನೀರೊಂದೇ, ಆದ್ರೆ ಬಿಡೋಕೆ ಹೇಳೋದು ಕಂಡಿಷನರನ್ನ. ಕೋಲಾರ, ಚಿತ್ರದುರ್ಗದ ಕಡೆಯೋರಿಗೆ ಇದು ಹೊಸದಲ್ಲ, ಉಪ್ಪು ನೀರಲ್ಲಿ ತಲೆಗೆ ಹುಯ್ಕೊಂಡ್ರೆ ಕೂದಲು ಜಟೆ ಆಗತ್ತೆ ಅಂತ ಅಲ್ಲಿ ಅಜ್ಜಿಯರೇ ಹೇಳ್ತಾರೆ, ಮಳೆ ನೀರು ಹಿಡಿದಿಟ್ಟು ತಲೆಗೆ ಸ್ನಾನ ಮಾಡೋ ಮನೆಗಳೂ ಇವೆ.

ಎರಡರಲ್ಲಿ ಯಾವುದು ಅಂತ ಪತ್ತೆ ಮಾಡೋಕೆ ನಾನು ಹೇಳೋ ಉಪಾಯ ಸುಲಭದ್ದು. ಸಿಲಿಕೋನ್ ಇಲ್ಲದ ಸಾದಾ ಶಾಂಪೂಲಿ ಮನೆ ನೀರಲ್ಲೇ ಚೆನ್ನಾಗಿ ತೊಳೆದು ನೋಡಿ. ಹಗುರ ಆಗಿ ಸುರುಳಿ ಎದ್ದು ಬಂತಾ, ಸಿಲಿಕೋನೋ ಎಣ್ಣೆನೋ ಜಾಸ್ತಿ ಆಗಿತ್ತು ಅಂತ. ತೊಳೆದ ಮೇಲೂ ಒರಟಾಗಿ ಕಿರ್ ಕಿರ್ ಅಂತಿದ್ರೆ ನೀರಿನ ಮೇಲೆ ಅನುಮಾನ ಪಡಿ. ಅದಕ್ಕೆ ಕೀಲೇಟಿಂಗ್ ಶಾಂಪೂ ಅಂತ ಬರತ್ತೆ, ಹಿಂದೆ ಡೈಸೋಡಿಯಂ ಇಡಿಟಿಎ ಅಥವಾ ಟೆಟ್ರಾಸೋಡಿಯಂ ಇಡಿಟಿಎ ಪಟ್ಟೀಲಿ ಸ್ವಲ್ಪ ಮೇಲೇ ಇರೋದು, ಅದು ಕ್ಯಾಲ್ಶಿಯಮ್ಮನ್ನ ಹಿಡ್ಕೊಂಡು ನೀರಿನ ಜೊತೆ ಹೋಗತ್ತೆ. ಅದು ಸಿಗದಿದ್ರೆ ಕೊನೇ ಒಂದು ಚೊಂಬು ನೀರನ್ನ ಕುಡಿಯೋ ಆರ್‌ಒ ಫಿಲ್ಟರಿನದ್ದು ತಗೊಂಡು ಹುಯ್ಕೊಳ್ಳಿ, ಅಷ್ಟಕ್ಕೇ ವ್ಯತ್ಯಾಸ ಗೊತ್ತಾಗತ್ತೆ. ನಲ್ಲಿಗೆ ಸಿಕ್ಕಿಸೋ ಪುಟ್ಟ ಶವರ್ ಫಿಲ್ಟರುಗಳಿಗೆ ದುಡ್ಡು ಹಾಕೋ ಮುಂಚೆ ಯೋಚ್ನೆ ಮಾಡಿ, ಅವು ಸಾಮಾನ್ಯವಾಗಿ ಕ್ಲೋರಿನ್ ಕಮ್ಮಿ ಮಾಡತ್ತೆ, ಗಡಸುತನ ತೆಗೆಯೋಕೆ ಉಪ್ಪು ಹಾಕೋ ಸಾಫ್ಟ್‌ನರ್ರೇ ಬೇಕು.

ಲೇಬಲ್ ಓದೋದು ಕಲೀರಿ, ಇದು ನನ್ನ ಕೋರಿಕೆ. ಕೋನ್ ಅಂತಲೋ, ಕೊನಾಲ್ ಅಂತಲೋ, ಸಿಲೋಕ್ಸೇನ್ ಅಂತಲೋ ಕೊನೆಯಾಗೋ ಹೆಸರು ಸಿಲಿಕೋನ್. 2020ರ ನಮ್ಮ ಕಾಸ್ಮೆಟಿಕ್ಸ್ ರೂಲ್ಸ್ ಪ್ರಕಾರ ಶೇಕಡಾ 1ಕ್ಕಿಂತ ಜಾಸ್ತಿ ಇರೋ ಪದಾರ್ಥಗಳನ್ನ ಜಾಸ್ತಿ ಇರೋದರಿಂದ ಕಮ್ಮಿ ಇರೋದರ ಕಡೆಗೆ ಬರೀಬೇಕು, 1 ಅಥವಾ ಅದಕ್ಕಿಂತ ಕಮ್ಮಿ ಇರೋದನ್ನ ಆಮೇಲೆ ಹೇಗೆ ಬೇಕಾದ್ರೂ ಬರೀಬಹುದು. ಪರ್ಫ್ಯೂಮ್ ಸಾಮಾನ್ಯವಾಗಿ ಆ 1ರ ಒಳಗೇ ಇರೋದರಿಂದ ಅದೊಂದು ಗುರುತು. ಡೈಮೆಥಿಕೋನ್ ಎರಡನೇದೋ ಮೂರನೇದೋ ಆಗಿದ್ರೆ ತುಂಬಾ ಇದೆ ಅಂತ, ಪರ್ಫ್ಯೂಮ್ ಆದ ಮೇಲೆ ಎಲ್ಲೋ ಕೊನೇಲಿ ಇದ್ರೆ ಕಮ್ಮಿ ಇದೆ ಅಂತ. ಮುಂದುಗಡೆ ಬರೆದಿರೋ ಬಾದಾಮಿ, ಆರ್ಗನ್, ಈರುಳ್ಳಿ ಇವುಗಳ ಚಿತ್ರ ನೋಡಿ ಮೋಸ ಹೋಗ್ಬೇಡಿ. ಆರ್ಗನ್ ಆಯಿಲ್ ಸೀರಮ್ ಅಂತ ದೊಡ್ಡದಾಗಿ ಬರೆದಿರೋ ಬಾಟಲಿ ತಿರುಗಿಸಿದ್ರೆ ಮೊದಲು ಸೈಕ್ಲೋಪೆಂಟಾಸಿಲೋಕ್ಸೇನ್, ಆಮೇಲೆ ಡೈಮೆಥಿಕೊನಾಲ್, ಆರ್ಗನ್ ಎಣ್ಣೆ ಕೊನೇ ಸಾಲಲ್ಲಿ. ಅದು ಕೆಲಸ ಮಾಡಲ್ಲ ಅಂತಲ್ಲ, ಮಾಡತ್ತೆ, ಸಿಲಿಕೋನಿಂದ ಮಾಡತ್ತೆ. ಬೆಲೆ ಕೊಡೋದು ಮಾತ್ರ ಆರ್ಗನ್ ಹೆಸರಿಗೆ.

ಬಿಸಿ ಯಂತ್ರ ಬಳಸೋರಿಗೂ ಒಂದು ಮಾತು ಹೇಳ್ತೀನಿ. ಮದುವೆ ಮನೆಗೆ ಅಂತ ಡ್ರೈಯರ್ ಬಾಯಿಗೆ ಸಿಕ್ಕಿಸೋ ಡಿಫ್ಯೂಸರ್ ಹಾಕ್ತೀರೋ, ಒಂದಿನ ಸ್ಟ್ರೇಟ್ನರ್ ಎಳೀತೀರೋ, ಆಗ ಸಿಲಿಕೋನ್ ಇಲ್ಲದೇ ಮಾಡಬೇಡಿ. ಶಾಖವನ್ನ ನಿಧಾನವಾಗಿ ದಾಟಿಸೋ ಗುಣ ಅದಕ್ಕಿದೆ, ಒಂದೇ ಜಾಗದಲ್ಲಿ ಬಿಸಿ ಏರೋದು ಕಮ್ಮಿ ಆಗತ್ತೆ. ಕೊಬ್ಬರಿ ಎಣ್ಣೆ ಹಚ್ಚಿ ಅದರ ಮೇಲೆ ಐರನ್ ಎಳೆಯೋದನ್ನ ನೋಡಿದೀನಿ, ದಯವಿಟ್ಟು ಬೇಡ. ಕೊಬ್ಬರಿ ಎಣ್ಣೆಯ ಗುಣವೇ ಬೇರೆ, ಅದರ ಲಾರಿಕ್ ಆಮ್ಲದ ಕಣ ಚಿಕ್ಕದು, ನೇರ ಇದೆ, ಕೂದಲಿನ ಒಳಕ್ಕೇ ಇಳಿಯತ್ತೆ, ತೊಳೆಯೋವಾಗ ಪ್ರೋಟೀನ್ ಹೋಗೋದನ್ನ ತಡೆಯತ್ತೆ ಅಂತ ಮುಂಬೈನ ಸಂಶೋಧಕರು 2003ರಲ್ಲೇ ಪ್ರಕಟಿಸಿದ್ದಾರೆ. ಅಂದ್ರೆ ಅದರ ಜಾಗ ತಲೆಸ್ನಾನದ ಹಿಂದಿನ ರಾತ್ರಿ. ಸಿಲಿಕೋನಿನ ಜಾಗ ಸ್ನಾನ ಆದ ಮೇಲೆ, ಮೇಲ್ಮೈಯಲ್ಲಿ. ಅಮ್ಮನ ಎಣ್ಣೆ ಸರಿಯಾ ಬಾಟಲಿ ಸರಿಯಾ ಅಂತ ಜಗಳ ಆಡೋ ಅಗತ್ಯನೇ ಇಲ್ಲ, ಎರಡೂ ಬೇರೆ ಬೇರೆ ಕೆಲಸ.

ಒಂದು ಬೇಸರ ಇಲ್ಲೇ ಹೇಳ್ಕೊಂಡುಬಿಡ್ತೀನಿ. ಗುಂಗುರು ಕೂದಲು ಅಂದಾಗ ನಮ್ಮಲ್ಲಿ ತೋರ್ಸೋದು ಸಡಿಲ ಸುರುಳಿ ಇರೋ ಮಾಡೆಲ್‌ಗಳನ್ನ ಮಾತ್ರ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಇರೋ ಸಿದ್ದಿ ಜನರ ಕೂದಲು ಬಿಗಿ ಸುರುಳಿ, ಅವರೂ ಕನ್ನಡ ನಾಡಿನವರೇ, ಅವರ ಕೂದಲಿಗೆ ಏನು ಹೊಂದತ್ತೆ ಅಂತ ಕನ್ನಡದಲ್ಲಿ ಬರೆದಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಸುರುಳಿ ಬಿಗಿ ಆದಷ್ಟೂ ಎಣ್ಣೆ ಇಳಿಯೋದು ಕಷ್ಟ, ಒಣಗಿದಾಗ ಬಾಚಿದ್ರೆ ಮುರಿಯೋದು ಜಾಸ್ತಿ, ಅಂಥಾ ಕೂದಲಿಗೆ ಜಾರಿಕೆ ಇನ್ನೂ ಮುಖ್ಯ. ಹಾಗೆ ನೋಡಿದ್ರೆ ಸಿಲಿಕೋನಿರೋ ಕಂಡಿಷನರ್ ನನಗಿಂತ ಅವರಿಗೆ ಜಾಸ್ತಿ ಉಪಯೋಗಕ್ಕೆ ಬರೋದು. ತೆಳು ಅಲೆ ಕೂದಲಿನವರು ತಮ್ಮ ಅನುಭವದಲ್ಲಿ ಮಾಡ್ಕೊಂಡ ನಿಯಮವನ್ನ ಎಲ್ಲಾ ಗುಂಗುರು ಕೂದಲಿಗೂ ಅಂತ ಸಾರೋದು ಅದಕ್ಕೇ ನನಗೆ ಸರಿ ಕಾಣಲ್ಲ.

ಹಾಗಂತ ಸಿಲಿಕೋನ್ ಬಿಡೋಕೆ ಒಳ್ಳೇ ಕಾರಣಾನೇ ಇಲ್ಲ ಅಂತಲ್ಲ. ಪರಿಸರದ್ದು ಗಟ್ಟಿ ಕಾರಣ. ಆ ಹಾರಿ ಹೋಗೋ ಉಂಗುರದ ಆಕಾರದವು, ಡಿ4, ಡಿ5, ಡಿ6 ಅಂತಾರೆ, ಪರಿಸರದಲ್ಲಿ ಬೇಗ ಕರಗಿ ಹೋಗಲ್ಲ. ಯುರೋಪಿಯನ್ ಒಕ್ಕೂಟ ಶಾಂಪೂ ಥರ ತೊಳೆದು ಬಿಡೋ ವಸ್ತುಗಳಲ್ಲಿ ಡಿ4, ಡಿ5 ಶೇಕಡಾ 0.1 ದಾಟಬಾರದು ಅಂತ 2020ರ ಜನವರಿ ಕೊನೆಯಿಂದಲೇ ಮಿತಿ ಹಾಕಿದೆ, 2024ರಲ್ಲಿ ಆ ನಿಯಮ ವಿಸ್ತರಿಸಿ ಡಿ6ನ್ನೂ ಸೇರಿಸಿ, ತಲೇಲೇ ಉಳಿಯೋ ಸೀರಮ್ ಥರದವಕ್ಕೂ 2027ರ ಜೂನ್‌ನಿಂದ ಅನ್ವಯ ಮಾಡಿದೆ. ಡಿ5 ಅಂದ್ರೆ ಮೇಲೆ ಹೇಳಿದ ಸೈಕ್ಲೋಪೆಂಟಾಸಿಲೋಕ್ಸೇನೇ. ನಾನು ಸೀರಮ್ ಕೊಳ್ಳೋದು ಕಮ್ಮಿ ಮಾಡಿರೋದು ಈ ಕಾರಣಕ್ಕೆ, ಕೂದಲಿಗೆ ವಿಷ ಅಂತ ಅಲ್ಲ. ಅದರ ಬದಲು ಅಗಸೆ ಬೀಜ ಕುದಿಸಿ ಸೋಸಿದ ಲೋಳೆ ಸುರುಳಿ ಹಿಡಿದಿಡೋಕೆ ಚೆನ್ನಾಗೇ ಆಗತ್ತೆ, ಫ್ರಿಜ್ಜಲ್ಲಿಟ್ರೆ ಒಂದು ವಾರ, ಹೊರಗಿಟ್ರೆ ಮಾರನೇ ದಿನಕ್ಕೇ ವಾಸನೆ. ದಾಸವಾಳದ ಎಲೆ ಕಿವುಚಿದ ಲೋಳೆ ಊರಲ್ಲಿ ಅಮ್ಮ ಈಗಲೂ ಹಚ್ಚೋದು, ಸ್ವಲ್ಪ ಜಾರಿಕೆ ಅದರಲ್ಲೂ ಇದೆ, ಆದ್ರೆ ಅಕ್ಕನ ಮಗಳ ಕತ್ತಿನ ಹಿಂದಿನ ಗಂಟಿಗೆ ಅದು ಸಾಲಲ್ಲ.

ಹಾಗಾಗಿ ಎಳೆ ದಪ್ಪ, ಸಿಕ್ಕು ಜಾಸ್ತಿ, ತುದಿ ಹಾಳಾಗಿದೆ ಅಂದ್ರೆ ಸಿಲಿಕೋನಿರೋ ಕಂಡಿಷನರ್ ನೆಮ್ಮದಿಯಾಗಿ ಬಳಸಿ, ಬುಡಕ್ಕೆ ಬೇಡ, ಕಿವಿಯಿಂದ ಕೆಳಗೆ ಹಚ್ಚಿ, ಆಗಾಗ ಸಾದಾ ಶಾಂಪೂಲಿ ತೊಳೀರಿ. ಎಳೆ ತೆಳು, ಬೇಗ ಜೋತು ಬೀಳತ್ತೆ ಅಂದ್ರೆ ಪೆಗ್ ಇರೋದು, ಅಥವಾ ಸಿಲಿಕೋನೇ ಇಲ್ಲದ್ದು ನೋಡಿ. ಬಿಡಲೇಬೇಕು ಅಂತ ತೀರ್ಮಾನ ಮಾಡಿದೋರು ಮೊದಲು ಒಂದು ಸಲ ಗಟ್ಟಿ ಶಾಂಪೂಲಿ ಹಳೇದೆಲ್ಲಾ ತೆಗೆದು ಆಮೇಲೆ ಶುರು ಮಾಡಿ, ಮೊದಮೊದಲು ಕೂದಲು ಒರಟು ಅನ್ಸತ್ತೆ, ಅದು ಹೊಸದಾಗಿ ಹಾಳಾಗಿದ್ದಲ್ಲ, ಮೇಲಿನ ಲೇಪ ಹೋಗಿ ಮೊದಲೇ ಇದ್ದ ಹಾನಿ ಕೈಗೆ ಸಿಗ್ತಿರೋದು. ಹೊಸ ಕಂಡಿಷನರ್ ಕೊಳ್ಳೋವಾಗ ಹಿಂದೆ ಬೆಹೆನ್‌ಟ್ರೈಮೋನಿಯಂ ಕ್ಲೋರೈಡ್ ಅಥವಾ ಬೆಹೆನ್‌ಟ್ರೈಮೋನಿಯಂ ಮೆಥೋಸಲ್ಫೇಟ್ ಮೊದಲ ನಾಲ್ಕೈದು ಹೆಸರಲ್ಲಿ ಇದ್ಯಾ ನೋಡ್ಕೊಳ್ಳಿ, ಸಿಲಿಕೋನ್ ಇಲ್ಲದಾಗ ಬೆರಳಿಗೆ ಜಾರಿಕೆ ಕೊಡೋದು ಮುಖ್ಯವಾಗಿ ಅದೇ. ಹೆಸರಲ್ಲಿ ಸಲ್ಫೇಟ್ ಅಂತ ಇದೆ ಅಂತ ಎರಡನೇದನ್ನ ವಾಪಸ್ ಇಡಬೇಡಿ, ಅದಕ್ಕೂ ಶಾಂಪೂ ಸಲ್ಫೇಟಿಗೂ ಸಂಬಂಧ ಇಲ್ಲ, ಅದು ಕೂದಲನ್ನ ಒಣಗಿಸಲ್ಲ.